ಚಿಲಕದ ಸದ್ದು

ನಮ್ಮ ಕಡೆಯ ಹಳೆಯ ಮನೆಗಳ ಬಾಗಿಲುಗಳಿಗೆ ಒಂದು ವಿಚಿತ್ರ ಗುಣವಿದೆ. ತೆಗೆಯುವಾಗ ಅಷ್ಟೇನೂ ಸದ್ದು ಮಾಡುವುದಿಲ್ಲ, ಚಿಲಕ ಹಾಕುವಾಗ ಮಾತ್ರ ಇಡೀ ಮನೆಗೆ ಕೇಳಿಸುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಯಾವ ಊರಿಗಾದರೂ ಹೋಗಿ ನೋಡಿ. ನಡುಮನೆಯಲ್ಲಿ ಚಾಪೆ ಹಾಸಿ ಸಾಲಾಗಿ ಮಲಗಿರುವ ಜನ, ಆ ಸಾಲಿನ ತಲೆಯ ಕಡೆಗೇ ತೆರೆಯುವ ಒಂದೇ ಒಂದು ಕೋಣೆ. ಹೊಸದಾಗಿ ಮದುವೆಯಾದವರಿಗೆ ಬಿಟ್ಟುಕೊಡುವ ಆ ಕೋಣೆಯಲ್ಲಿ ಭತ್ತದ ಮೂಟೆಗಳಿರುತ್ತವೆ, ಅಜ್ಜಿಯ ಕಬ್ಬಿಣದ ಟ್ರಂಕಿರುತ್ತದೆ, ಉಪ್ಪಿನಕಾಯಿ ಜಾಡಿಗಳಿರುತ್ತವೆ. ರಾತ್ರಿ ಹನ್ನೊಂದು ಗಂಟೆಗೆ ಮಾವನವರಿಗೆ ತಲೆನೋವು ಬಂದರೆ ಅಮೃತಾಂಜನದ ಡಬ್ಬಿ ಕೂಡ ಅದೇ ಕೋಣೆಯ ಗೂಡಿನಲ್ಲೇ ಇರಬೇಕೆ!

ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣದ ಕಡೆ ಇದಕ್ಕೊಂದು ಪರಿಹಾರವಿತ್ತು. ಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನ ಒಲೆ ಹಗಲೂ ರಾತ್ರಿ ಆರದಂತೆ ನೋಡಿಕೊಳ್ಳಬೇಕು. ಆ ರಾತ್ರಿ ಪಾಳಿಗೆ ಮನೆಯ ಹೊಸ ಅಳಿಯ, ಹೊಸ ಸೊಸೆ ತಾವಾಗಿಯೇ ಮುಂದೆ ಬರುತ್ತಿದ್ದರಂತೆ. ‘ಪಾಪ, ಎಷ್ಟು ಶ್ರಮಜೀವಿಗಳು’ ಎಂದು ಹಿರಿಯರು ಗಂಭೀರವಾಗಿ ಹೊಗಳುತ್ತಿದ್ದರಂತೆ. ಎಲ್ಲರಿಗೂ ಎಲ್ಲವೂ ಗೊತ್ತು, ಯಾರೂ ಏನೂ ಗೊತ್ತಿರುವ ಹಾಗೆ ತೋರಿಸಿಕೊಳ್ಳುವಂತಿಲ್ಲ. ನಮ್ಮ ಸಂಸಾರಗಳು ನಡೆದುಕೊಂಡು ಬಂದದ್ದೇ ಹೀಗೆ.

ಈ ಮಾತೆಲ್ಲ ನೆನಪಾಗಲು ಕಾರಣ ನಮ್ಮ ಮನೆಯಲ್ಲೇ ತೆಗೆದ ಒಂದು ಕಿರುಚಿತ್ರ. ಹನ್ನೆರಡು ನಿಮಿಷದ ಹಾಸ್ಯಚಿತ್ರ. ಅದನ್ನು ತೆಗೆದವನು ನನ್ನ ಹಳೆಯ ವಿದ್ಯಾರ್ಥಿ. ಆ ಹನ್ನೆರಡು ನಿಮಿಷದಿಂದ ಆದ ರಾದ್ಧಾಂತವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಸಿನಿಮಾದವರು ಈ ಚಿಲಕದ ಸದ್ದನ್ನು ಹೇಗೆಲ್ಲ ನಿಭಾಯಿಸಿದ್ದಾರೆ ಎನ್ನುವುದನ್ನು ಸ್ವಲ್ಪ ನೋಡೋಣ.

ನನ್ನ ವಯಸ್ಸಿನವರು ಸಿನಿಮಾ ನೋಡಿದ್ದು ಟೂರಿಂಗ್ ಟಾಕೀಸಿನ ಡೇರೆಯಲ್ಲಿ. ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ. ತೆರೆಯ ಮೇಲೆ ನಾಯಕ ನಾಯಕಿ ಹತ್ತಿರ ಹತ್ತಿರ ಬರುತ್ತಿದ್ದರು, ನಾವು ಉಸಿರು ಬಿಗಿ ಹಿಡಿಯುತ್ತಿದ್ದೆವು. ಅಷ್ಟರಲ್ಲಿ ಕ್ಯಾಮೆರಾ ಮೆಲ್ಲಗೆ ಪಕ್ಕದ ಗಿಡದ ಕಡೆ ತಿರುಗಿಬಿಡುತ್ತಿತ್ತು. ಅಲ್ಲಿ ಎರಡು ಹೂವು. ಇಡೀ ತೋಟದಲ್ಲಿ ಒಂದು ಎಲೆ ಅಲುಗಾಡದಿದ್ದರೂ ಆ ಎರಡು ಹೂವುಗಳಿಗೆ ಮಾತ್ರ ಬಿರುಗಾಳಿ ಬೀಸುತ್ತಿತ್ತು! ಕೆಲವು ಚಿತ್ರಗಳಲ್ಲಿ ದೀಪ ಆರುತ್ತಿತ್ತು, ಕೆಲವದರಲ್ಲಿ ಹಾಲು ಉಕ್ಕುತ್ತಿತ್ತು, ಇನ್ನು ಕೆಲವದರಲ್ಲಿ ಎರಡು ಪಾರಿವಾಳ. ಆ ಹೊತ್ತಿಗೆ ಸರಿಯಾಗಿ ಅಮ್ಮ ನನ್ನ ಕೈಗೆ ಕಡಲೆಕಾಯಿ ಹಾಕಿ ‘ತಿನ್ನು’ ಎನ್ನುತ್ತಿದ್ದಳು. ಕ್ಯಾಮೆರಾ ತಿರುಗಿದ್ದು ಸಾಲದು ಎಂದು ಮಗಳ ತಲೆಯನ್ನೂ ಬಗ್ಗಿಸುವ ಉಪಾಯ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಒಮ್ಮೆ ಹೇಳಿದ್ದರು, ‘ಪರಾಗಸ್ಪರ್ಶದ ಪಾಠಕ್ಕೆ ಹೂವಿನ ಚಿತ್ರ ಬರೆದರೆ ಸಾಕು, ಹಿಂದಿನ ಬೆಂಚು ಮುಸಿಮುಸಿ ನಗುತ್ತೆ ಕಣ್ರೀ’ ಎಂದು. ಮಕ್ಕಳಿಗೆ ಸಸ್ಯಶಾಸ್ತ್ರಕ್ಕಿಂತ ಮೊದಲೇ ಸಿನಿಮಾ ಪಾಠ ಆಗಿರುತ್ತದಲ್ಲ.

ಸರ್ಕಾರ ನೇಮಿಸಿದ್ದ ಖೋಸ್ಲಾ ಸಮಿತಿಯು 1969ರಲ್ಲಿ ವರದಿ ಕೊಟ್ಟು, ಕಥೆಗೆ ನಿಜವಾಗಿ ಬೇಕೆನ್ನಿಸಿದರೆ ಚುಂಬನವನ್ನು ತೆರೆಯ ಮೇಲೆ ತೋರಿಸಲು ಅಡ್ಡಿಯಿರಬಾರದು ಎಂದಿತ್ತು. ನಮ್ಮ ನಿರ್ದೇಶಕರಿಗೆ ವರದಿಗಿಂತ ಹೂವಿನ ಮೇಲೇ ಹೆಚ್ಚು ನಂಬಿಕೆ. ಅದರಲ್ಲಿ ನನ್ನ ತಕರಾರಿಲ್ಲ. ಎಲ್ಲವನ್ನೂ ತೋರಿಸಲೇಬೇಕೆಂದು ಯಾರು ಹೇಳಿದರು? ಆದರೆ ಹೂವು ತೋರಿಸುವ ಸಿನಿಮಾ ತಾನು ಮುಚ್ಚಿಡುತ್ತಿದ್ದೇನೆ ಎನ್ನುವುದನ್ನೂ ಮುಚ್ಚಿಡುತ್ತದೆ. ನಗು ಹುಟ್ಟುವುದು ಆ ಗುಟ್ಟು ಬಯಲಾದಾಗ.

ಕನ್ನಡದಲ್ಲಿ ಅದನ್ನು ಬಯಲು ಮಾಡಿದವರು ಇಲ್ಲದಿಲ್ಲ. ಕಾಶೀನಾಥ್ ಅವರ ‘ಅನುಭವ’ 1984ರಲ್ಲಿ ಬಂತು. ದಾಂಪತ್ಯ ಎಂದರೇನೆಂದು ತಿಳಿಯದವರಿಗೆ ಮದುವೆ ಮಾಡಿಬಿಡುವ ನಮ್ಮ ಪದ್ಧತಿಯನ್ನೇ ಹಿಡಿದುಕೊಂಡ ಚಿತ್ರ. ನಮ್ಮ ಬೀದಿಯ ಹೆಂಗಸರನ್ನು ಕೇಳಿದರೆ ಒಬ್ಬರೂ ಅದನ್ನು ನೋಡಿದ್ದೇವೆಂದು ಒಪ್ಪಿಕೊಳ್ಳಲಿಲ್ಲ. ಆದರೆ ಉಮಾಶ್ರೀ ಎನ್ನುವ ಹೊಸ ನಟಿ ಎಷ್ಟು ಚೆನ್ನಾಗಿ ಮಾಡಿದ್ದಾಳೆ ಎಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ 1990ರದು. ಅದನ್ನು ಮಾತ್ರ ಎಲ್ಲರೂ ಕೂಡಿ ಕುಳಿತು ನೋಡಿದೆವು. ಅನಂತ್ ನಾಗ್, ವಿನಯಾ ಪ್ರಸಾದ್ ಒಂದೇ ವಠಾರದಲ್ಲಿದ್ದು ಎದುರಿಗೆ ಸಿಕ್ಕಾಗ ನಾಯಿ ಬೆಕ್ಕಿನ ಹಾಗೆ ಕಚ್ಚಾಡುವುದು, ಕಾಗದದಲ್ಲಿ ಮಾತ್ರ ಯಾರೆಂದು ತಿಳಿಯದೆ ಪ್ರೀತಿಸುವುದು. ಎರಡು ಮನೆಗಳ ನಡುವೆ ಒಂದು ಗೋಡೆ, ಸುತ್ತ ಕಿವಿಯಾಗಿ ನಿಂತ ವಠಾರ. ಹೀಗಿರುವಾಗ ಪ್ರೀತಿ ಅಂಚೆಯಲ್ಲಲ್ಲದೆ ಇನ್ನೆಲ್ಲಿಂದ ಬಂದೀತು, ನೀವೇ ಹೇಳಿ.

ಚಿಕ್ಕ ಚಿತ್ರಗಳ ಸಂಗತಿ ಬೇರೆ. ಅವುಗಳ ಪರಿಚಯ ನನಗಾದದ್ದು ತೀರ ಈಚೆಗೆ, ಅದೂ ಅದೇ ಹುಡುಗನಿಂದ. ಮೈಸೂರಿನಲ್ಲಿ ಕೆಲಸ ಮಾಡಿಕೊಂಡು ಸಿನಿಮಾದ ಹುಚ್ಚು ಹಿಡಿಸಿಕೊಂಡಿರುವ ಅವನು ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ‘ಮಿಸ್, ನಿಮ್ಮ ಮನೇಲಿ ಶೂಟಿಂಗ್ ಮಾಡ್ಬೇಕು, ಅದಕ್ಕೆ ಮುಂಚೆ ನೀವು ಸ್ವಲ್ಪ ಇದನ್ನ ನೋಡ್ಬೇಕು’ ಎಂದ. ಮನೆ ಕೇಳಲು ಬಂದವನು ಪಾಠ ಮಾಡಲು ಕುಳಿತ. ನಾನೂ ಎಷ್ಟೋ ವರ್ಷ ಅವನನ್ನು ಬೆಂಚಿನ ಮೇಲೆ ಕೂರಿಸಿದವಳಲ್ಲವೇ, ತೆಪ್ಪಗೆ ಕುಳಿತೆ.

ಮೊದಲನೆಯದು 1896ರದು. ಅಮೆರಿಕದಲ್ಲಿ ಎಡಿಸನ್ ಕಂಪನಿ ತೆಗೆದ ‘ದಿ ಕಿಸ್’. ಅರ್ಧ ನಿಮಿಷವೂ ಇಲ್ಲ. ನಾಟಕದ ನಟಿ ಮೇ ಇರ್ವಿನ್, ನಟ ಜಾನ್ ರೈಸ್, ಇಬ್ಬರೂ ಎಳೆಯರೇನಲ್ಲ, ಮೈಕೈ ತುಂಬಿಕೊಂಡವರು. ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ಏನೋ ಮಾತಾಡುತ್ತಾರೆ. ಆಮೇಲೆ ಆತ ಸ್ವಲ್ಪ ಹಿಂದೆ ಸರಿದು, ಎರಡೂ ಕೈಯಿಂದ ಮೀಸೆ ಸವರಿಕೊಂಡು, ಸಿದ್ಧತೆ ಮುಗಿಸಿ ಮುತ್ತು ಕೊಡುತ್ತಾನೆ. ಆ ಮೀಸೆ ಸವರಿಕೊಳ್ಳುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಊಟಕ್ಕೆ ಕೂರುವ ಮುಂಚೆ ನಮ್ಮ ದೊಡ್ಡಪ್ಪ ಥೇಟ್ ಹೀಗೇ ಮೀಸೆ ಸವರಿಕೊಳ್ಳುತ್ತಿದ್ದರು.

ಮುಂದಿನದು 1899ರದು, ಇಂಗ್ಲೆಂಡಿನ ಜಾರ್ಜ್ ಆಲ್ಬರ್ಟ್ ಸ್ಮಿತ್ ಎನ್ನುವವರದು. ರೈಲು ಸುರಂಗದೊಳಗೆ ಹೋಗುತ್ತದೆ, ಡಬ್ಬಿಯಲ್ಲಿ ಕುಳಿತ ಗಂಡ ಹೆಂಡತಿ ಅವಸರವಾಗಿ ಮುತ್ತಿಟ್ಟುಕೊಳ್ಳುತ್ತಾರೆ, ರೈಲು ಹೊರಗೆ ಬರುತ್ತದೆ. ನಟಿಸಿದ್ದು ಸ್ಮಿತ್ ಮತ್ತು ಅವರ ಹೆಂಡತಿಯೇ. ‘ಇದರಲ್ಲಿ ಕತ್ತರಿ ನೋಡಿ ಮಿಸ್’ ಎಂದ ಹುಡುಗ. ಇಂಜಿನ್ನಿನ ಮುಂದೆ ಕ್ಯಾಮೆರಾ ಕಟ್ಟಿ ತೆಗೆದ ಸುರಂಗದ ಚಿತ್ರ ಬೇರೆ, ಮುತ್ತಿನ ಚಿತ್ರ ಬೇರೆ. ಸುರಂಗದ ಎರಡು ತುಂಡುಗಳ ನಡುವೆ ಮುತ್ತನ್ನು ಇಟ್ಟು ಅಂಟಿಸಿದ್ದಾರೆ, ಚಪಾತಿ ಮಡಿಕೆಯೊಳಗೆ ಪಲ್ಯ ಇಟ್ಟ ಹಾಗೆ. ನಮ್ಮ ಕಡೆ ಕೃಷ್ಣರಾಜನಗರದ ಮೇಲೆ ಹಾಸನಕ್ಕೆ ಹೋಗುವ ರೈಲಿಗೆ ಆ ಭಾಗ್ಯವಿಲ್ಲ. ಸುರಂಗ ಬೇಕೆಂದರೆ ಸಕಲೇಶಪುರ ದಾಟಬೇಕು. ನಮಗೆ ಕರೆಂಟು ಹೋಗುವುದೇ ಸುರಂಗ. ದೀಪ ಹೋದಾಗ ಕತ್ತಲಲ್ಲಿ ಬಳೆ ಸದ್ದಾದರೆ ಅತ್ತೆ ‘ಯಾರದು, ಬೆಂಕಿಪೊಟ್ಟಣ ಹುಡುಕ್ತಿರೋರು?’ ಎನ್ನುವುದು. ಪೊಟ್ಟಣ ಸಿಕ್ಕಿದರೂ ಸೊಸೆ ಇನ್ನೂ ಹುಡುಕುತ್ತಲೇ ಇರುವುದು.

ಮತ್ತೊಂದು ಸುರಂಗದ ಚಿತ್ರ ಅಮೆರಿಕದ ಎಡ್ವಿನ್ ಪೋರ್ಟರ್ ಅವರದು, 1903. ರೈಲಿನಲ್ಲಿ ಒಬ್ಬ ಗಂಡಸು ಎದುರಿಗಿದ್ದ ಹೆಂಗಸಿಗೆ ಮುತ್ತಿಡಲು ಹವಣಿಸುತ್ತಾನೆ. ಸುರಂಗ ಬಂದು ತೆರೆ ಪೂರಾ ಕಪ್ಪಾಗುತ್ತದೆ. ಬೆಳಕು ಬಂದಾಗ ನೋಡಿದರೆ ಅವನು ಮುತ್ತಿಡುತ್ತಿರುವುದು ಆಕೆಯ ಜೊತೆಗಿದ್ದ ಕಪ್ಪು ಕೆಲಸದಾಕೆಗೆ! ಇಬ್ಬರು ಹೆಂಗಸರೂ ಬಿದ್ದು ಬಿದ್ದು ನಗುತ್ತಾರೆ, ಅವನು ಪತ್ರಿಕೆಯೊಳಗೆ ಮುಖ ಮುಚ್ಚಿಕೊಳ್ಳುತ್ತಾನೆ. ನಾನೂ ನಕ್ಕೆ, ಆದರೆ ನಗು ಅರ್ಧಕ್ಕೇ ನಿಂತಿತು. ಕಪ್ಪು ಹೆಂಗಸಿಗೆ ಮುತ್ತಿಟ್ಟದ್ದೇ ಅವನಿಗಾದ ಅವಮಾನ ಎಂಬ ಲೆಕ್ಕದಲ್ಲಿ ತಾನೆ ಆ ಹಾಸ್ಯ ನಿಂತಿರುವುದು? ಪೋಲಿ ಗಂಡಸಿಗೆ ತಕ್ಕ ಶಾಸ್ತಿಯಾಯಿತು ನಿಜ, ಆದರೆ ಅದರ ಬೆಲೆ ಕೆಲಸದಾಕೆಯ ಮುಖದಿಂದ ವಸೂಲಾಯಿತು. ಹುಡುಗನಿಗೆ ಇದನ್ನೇ ಹೇಳಿದೆ. ‘ಹೌದಲ್ವಾ ಮಿಸ್’ ಎಂದು ಸುಮ್ಮನಾದ.

ನನ್ನ ಮನಸ್ಸು ಪೂರ್ತಿ ಗೆದ್ದದ್ದು ಬಸ್ಟರ್ ಕೀಟನ್ ಅವರ ‘ಒನ್ ವೀಕ್’. 1920ರ ಮೂಕಿ ಚಿತ್ರ, ಎರಡು ರೀಲಿನದು. ಹೊಸ ದಂಪತಿಗಳಿಗೆ ಮದುವೆಗೆ ಉಡುಗೊರೆಯಾಗಿ ಒಂದು ಮನೆ ಬರುತ್ತದೆ, ಪೆಟ್ಟಿಗೆಗಳಲ್ಲಿ ತುಂಡು ತುಂಡಾಗಿ. ನಂಬರು ನೋಡಿ ಜೋಡಿಸಿಕೊಳ್ಳಬೇಕು. ಹುಡುಗಿಯ ಮೇಲೆ ಆಸೆ ಇಟ್ಟುಕೊಂಡಿದ್ದ ಇನ್ನೊಬ್ಬ ಪೆಟ್ಟಿಗೆಗಳ ನಂಬರು ತಿದ್ದಿಬಿಡುತ್ತಾನೆ. ಮನೆ ಸೊಟ್ಟಂಬಟ್ಟ ಎದ್ದು ನಿಲ್ಲುತ್ತದೆ, ಗಾಳಿ ಬಂದರೆ ಬುಗುರಿಯ ಹಾಗೆ ಸುತ್ತುತ್ತದೆ. ಆ ಮನೆಯಲ್ಲಿ ಹೆಂಡತಿ ತೊಟ್ಟಿಯಲ್ಲಿ ಕುಳಿತು ಸ್ನಾನ ಮಾಡುತ್ತಿರುವಾಗ ಸೋಪು ಕೈಜಾರಿ ಹೊರಗೆ ಬೀಳುತ್ತದೆ. ಎತ್ತಿಕೊಳ್ಳಬೇಕೆಂದರೆ ಎದ್ದೇಳಬೇಕು. ಆಕೆ ನೇರವಾಗಿ ನಮ್ಮ ಕಡೆ ನೋಡುತ್ತಾಳೆ. ಆಗ ಎಲ್ಲಿಂದಲೋ ಒಂದು ಕೈ ಬಂದು ಕ್ಯಾಮೆರಾದ ಕಣ್ಣು ಮುಚ್ಚಿಬಿಡುತ್ತದೆ! ಕೈ ತೆಗೆದಾಗ ಆಕೆ ಸೋಪಿನೊಂದಿಗೆ ಮತ್ತೆ ತೊಟ್ಟಿಯಲ್ಲಿ ನಗುತ್ತಾ ಕುಳಿತಿರುತ್ತಾಳೆ.

ನೂರು ವರ್ಷದ ಹಿಂದಿನ ಆ ಕೈಯನ್ನು ನಾನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ನಮ್ಮ ಎರಡು ಹೂವು ಮಾಡಿದ್ದೂ ಅದೇ ಕೆಲಸ, ಈ ಕೈ ಮಾಡುವುದೂ ಅದೇ ಕೆಲಸ, ಎರಡೂ ಮುಚ್ಚುತ್ತವೆ. ಆದರೆ ಹೂವು ‘ಇಲ್ಲೇನೂ ನಡೆಯುತ್ತಿಲ್ಲ’ ಎನ್ನುತ್ತದೆ. ಕೈಯಾದರೋ ‘ನೀವು ನೋಡುತ್ತಿದ್ದೀರಿ ಎಂದು ನನಗೆ ಗೊತ್ತು’ ಎನ್ನುತ್ತದೆ. ನಾವು ನಗುವುದು ಆ ಹೆಂಗಸನ್ನು ನೋಡಿ ಅಲ್ಲ, ನಮ್ಮನ್ನು ನೋಡಿ. ಅವಳ ಮಾನಕ್ಕೆ ಒಂದು ಎಳೆಯಷ್ಟೂ ಕುಂದಿಲ್ಲ.

ಹುಡುಗನ ಕಥೆ ಸರಳ. ಹೊಸ ಮದುಮಕ್ಕಳಿಗೆ ತುಂಬಿದ ಮನೆಯಲ್ಲಿ ಐದು ನಿಮಿಷ ಒಂಟಿಯಾಗಿ ಸಿಗಬೇಕು, ಸಿಗುವುದಿಲ್ಲ, ಅಷ್ಟೆ. ನಮ್ಮ ಮನೆಯ ಚಿಲಕ ಅವನಿಗೆ ಬಹಳ ಹಿಡಿಸಿತು. ಮದುಮಗನಾಗಿ ಅವನ ಸ್ನೇಹಿತನೊಬ್ಬ, ಮದುಮಗಳಾಗಿ ಹುಣಸೂರಿನಲ್ಲಿ ಬಿ.ಕಾಂ. ಓದುತ್ತಿದ್ದ ಪಿರಿಯಾಪಟ್ಟಣ ಕಡೆಯ ಹುಡುಗಿ, ನಮ್ಮ ಶಾಲೆಯಲ್ಲೇ ಓದಿದವಳು, ನಾಟಕದಲ್ಲಿ ಸದಾ ಮುಂದು. ಮನೆಯವರ ಪಾತ್ರಕ್ಕೆ ಬೀದಿಯವರೇ.

ಎರಡು ದಿನ ನನ್ನ ಅಡುಗೆಮನೆ ಹೋಟೆಲಾಯಿತು. ಆದರೆ ನೋಡಿ, ಕಲಿತದ್ದೂ ಬಹಳ. ಕ್ಯಾಮೆರಾವನ್ನು ಅವನು ನಡುಮನೆಯ ಮೂಲೆಯಲ್ಲಿ, ಅಜ್ಜಿಯ ಚಾಪೆಯ ಎತ್ತರಕ್ಕೆ ಇಟ್ಟ. ಚಿತ್ರದ ಅರ್ಧಭಾಗ ಅದು ಕೋಣೆಯೊಳಗೆ ಕಾಲಿಡುವುದೇ ಇಲ್ಲ, ಚಾಪೆಯ ಮೇಲಿಂದ ಮುಚ್ಚಿದ ಬಾಗಿಲನ್ನೇ ನೋಡುತ್ತಿರುತ್ತದೆ. ‘ಒಳಗೆ ಹೋಗಿ ತೋರಿಸಬಾರದೇನೋ’ ಎಂದರೆ, ‘ಒಳಗೆ ಹೋದ್ರೆ ಅವರಿಬ್ಬರದ್ದು ಕಥೆ ಆಗುತ್ತೆ ಮಿಸ್, ನಂಗೆ ಹೊರಗಿರೋರ ಕಥೆ ಬೇಕು’ ಎಂದ. ಕೊನೆಗೆ ಒಳಗೆ ಹೋದಾಗಲೂ ಮಂಚದ ಈ ತುದಿಗೆ ಅವನು, ಆ ತುದಿಗೆ ಅವಳು, ಚಿತ್ರದ ನಟ್ಟನಡುವೆ ಭತ್ತದ ಮೂಟೆ. ಹಿನ್ನೆಲೆಗೆ ಸಂಗೀತವಿಲ್ಲ, ಫ್ಯಾನಿನ ಕಿರ್ ಕಿರ್ ಮಾತ್ರ. ‘ಮನಸಲ್ಲೇ ಇಪ್ಪತ್ತು ಎಣಿಸಿ, ಅಲ್ಲೀವರ್ಗೂ ಯಾರೂ ಅಲ್ಲಾಡ್ಬೇಡಿ’ ಎಂದ. ಇಪ್ಪತ್ತು ಸೆಕೆಂಡು ಎಂದರೆ ಎಷ್ಟು ದೀರ್ಘ ಎನ್ನುವುದು ನನಗೆ ಅಂದು ಗೊತ್ತಾಯಿತು. ಬೇಗ ಕತ್ತರಿಸಿದರೆ ಬರೀ ನಾಚಿಕೆ, ಕತ್ತರಿಸದೆ ಹಾಗೇ ಬಿಟ್ಟರೆ ನಾಚಿಕೆ ಹಣ್ಣಾಗಿ ನಗುವಾಗುತ್ತದೆ. ಕೊನೆಗೆ ಅವನ ಕೈ ಒಂದಿಷ್ಟು ಮುಂದೆ ಸರಿಯುತ್ತದೆ, ಅಷ್ಟಕ್ಕೇ ಕುಕ್ಕರ್ ಕೂಗುತ್ತದೆ, ತೆರೆಯ ತುಂಬ ನನ್ನ ಕುಕ್ಕರು!

ಎದುರು ಮನೆಯ ಅಜ್ಜಿಯನ್ನು ಚಾಪೆಯ ಮೇಲೆ ಕೂರಿಸಿ ಟಿ.ವಿ.ಯಲ್ಲಿ ಧಾರಾವಾಹಿ ಹಾಕಿ, ಅವರು ಅದನ್ನು ಕಣ್ಣರಳಿಸಿ ನೋಡುವುದನ್ನು ತೆಗೆದುಕೊಂಡ. ಚಿತ್ರದಲ್ಲಿ ಅದನ್ನು ಬಾಗಿಲು ಮುಚ್ಚುವ ದೃಶ್ಯದ ಪಕ್ಕಕ್ಕೆ ಅಂಟಿಸಿದ. ಈಗ ಅಜ್ಜಿ ಬಾಗಿಲಿಗೆ ಕಿವಿಗೊಟ್ಟು ಕೂತ ಹಾಗೆ ಕಾಣುತ್ತದೆ. ಒಂದೇ ಮುಖ, ಪಕ್ಕದ ತುಂಡು ಬದಲಾದರೆ ಅರ್ಥವೇ ಬದಲು. ರಷ್ಯಾದ ಕುಲೆಶೋವ್ ಎನ್ನುವವರು ಇದನ್ನು ಪ್ರಯೋಗ ಮಾಡಿ ತೋರಿಸಿದ್ದರಂತೆ. ನನಗೆ ಅಜ್ಜಿ ಬೇಜಾರು ಮಾಡಿಕೊಂಡಾರು ಎಂದು ಭಯ. ಚಿತ್ರ ನೋಡಿ ಅವರು ಹೇಳಿದ್ದೇ ಬೇರೆ. ‘ನಾನು ಕಿವಿ ಕೊಡೋಕೆ ನಮ್ಮಟ್ಟೀಲಿ ಬಾಗಿಲಾದ್ರೂ ಎಲ್ಲಿತ್ತು ಟೀಚರಮ್ಮ? ಹಳೇ ಸೀರೆ ಕಟ್ಟಿದ್ರು, ಅಷ್ಟೆಯ. ಆಚೆ ಕಡೆ ನಮ್ಮತ್ತೆ ಕೆಮ್ಮಿದ್ರೆ ಆ ಸೀರೆ ಅಲ್ಲಾಡದು.’ ಇಷ್ಟು ಹೇಳಿ ಎಲೆಅಡಿಕೆ ಹಾಕಿಕೊಂಡರು. ಹದಿಮೂರಕ್ಕೆ ಮದುವೆಯಾಗಿ ಬಂದವರು ಅವರು.

ಚಿತ್ರದಲ್ಲಿ ಇನ್ನೊಂದು ತಮಾಷೆಯಿದೆ. ಅದು ತಿಳಿಯಬೇಕಾದರೆ ಮದುವೆಗೆ ಮುಂಚಿನ ‘ಪ್ರೀ ವೆಡ್ಡಿಂಗ್ ಶೂಟ್’ ಎನ್ನುವ ಈಗಿನ ಸಂಪ್ರದಾಯ ಗೊತ್ತಿರಬೇಕು. ನಮ್ಮ ತಂಗಿಯ ಮಗಳದು ಚುಂಚನಕಟ್ಟೆ ಜಲಪಾತದ ಹತ್ತಿರ ಆಯಿತು, ಜೊತೆಗೆ ನಾನೂ ಹೋಗಿದ್ದೆ. ಹುಡುಗ ಹುಡುಗಿ ಅದಕ್ಕೆ ಮುಂಚೆ ಮೂರು ಸಲ ಭೇಟಿಯಾಗಿದ್ದರು, ಮೂರು ಸಲವೂ ಎರಡೂ ಕಡೆಯವರು ಸೇರಿ ಒಂಬತ್ತು ಜನರ ಎದುರಿಗೆ. ಅಂಥವರಿಗೆ ಕ್ಯಾಮೆರಾದವನು ‘ಸರ್, ಸೊಂಟ ಹಿಡ್ಕೊಳ್ಳಿ. ಮೇಡಂ, ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಸರ್, ಕಿವೀಲಿ ಏನಾದ್ರೂ ಹೇಳಿ’ ಎಂದು ಆಜ್ಞೆ ಮಾಡುತ್ತಿದ್ದ. ಹುಡುಗ ಕಿವಿಯಲ್ಲಿ ಹೇಳಿದ್ದು ‘ತಿಂಡಿ ಆಯ್ತಾ?’ ಎಂದು. ಅವಳು ‘ಆಯ್ತು, ನಿಮ್ದು?’ ಎಂದಳು. ಆರತಕ್ಷತೆಯ ದಿನ ದೊಡ್ಡ ಪರದೆಯ ಮೇಲೆ ಇದೇ ದೃಶ್ಯ ನಿಧಾನಗತಿಯಲ್ಲಿ, ಪಿಟೀಲು ಸಂಗೀತದೊಂದಿಗೆ, ಆಕಾಶದಿಂದ ಡ್ರೋನ್ ಇಳಿಯುತ್ತಾ ಬಂತು. ಜನ ಅದನ್ನು ಭಕ್ತಿಯಿಂದ ನೋಡಿದರು. ನಾನು ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ಕುಳಿತಿದ್ದೆ. ಹಿಂದೆ ಮದುವೆಯಾದವರು ಹತ್ತಿರ ಕೂರುವಂತಿರಲಿಲ್ಲ, ಈಗ ಮದುವೆಯಾಗದವರು ದೂರ ನಿಲ್ಲುವಂತಿಲ್ಲ. ಅಂದೂ ಇಂದೂ ಸುತ್ತಲಿನವರೇ ತೀರ್ಮಾನಿಸುವುದು.

ನನ್ನ ವಿದ್ಯಾರ್ಥಿ ಇದೇ ಡ್ರೋನನ್ನು ಬಾಡಿಗೆಗೆ ತಂದಿದ್ದ. ಅವನ ಚಿತ್ರದ ಜೋಡಿ ಕೋಣೆಯಲ್ಲಿ ಆಗುವುದಿಲ್ಲವೆಂದು ತಾರಸಿಗೆ ಓಡುತ್ತದೆ. ಪಿಟೀಲು ಶುರುವಾಗುತ್ತದೆ, ನಿಧಾನಗತಿ ಶುರುವಾಗುತ್ತದೆ, ಡ್ರೋನ್ ಅವರಿಂದ ಮೇಲಕ್ಕೆ ಮೇಲಕ್ಕೆ ಏರುತ್ತದೆ. ಪಕ್ಕದ ತಾರಸಿ ಕಾಣುತ್ತದೆ, ಅಲ್ಲೊಬ್ಬರು ಹಪ್ಪಳ ಒಣಗಿಸುತ್ತಾ ಇತ್ತ ನೋಡುತ್ತಿದ್ದಾರೆ. ಅದರಾಚೆಯ ತಾರಸಿ, ಅದರಾಚೆಯದು, ಎಲ್ಲ ತಾರಸಿಯಲ್ಲೂ ಜನ. ಪಿಟೀಲು ಗಕ್ಕನೆ ನಿಲ್ಲುತ್ತದೆ. ಕೊನೆಯ ದೃಶ್ಯದಲ್ಲಿ ಅವರಿಬ್ಬರೂ ಎಚ್.ಡಿ. ಕೋಟೆಯ ಬಸ್ಸಿನಲ್ಲಿ ನೆಂಟರ ಮನೆಗೆ ಹೊರಟಿರುತ್ತಾರೆ. ಕಾಲಿಡಲು ಜಾಗವಿಲ್ಲದ ನೂಕುನುಗ್ಗಲು, ಇಬ್ಬರ ಸೀಟಿನಲ್ಲಿ ಮೂವರು. ಒತ್ತಿಕೊಂಡು ಕೂರದೆ ಬೇರೆ ದಾರಿಯಿಲ್ಲ. ಯಾರೂ ನೋಡುತ್ತಿಲ್ಲ. ಅವಳು ಅವನ ತೋಳಿಗೆ ಒರಗಿ ನಿದ್ದೆ ಹೋಗುತ್ತಾಳೆ. ಕ್ಯಾಮೆರಾ ಕಿಟಕಿಯಾಚೆ ರಸ್ತೆಯಲ್ಲೇ ನಿಂತುಬಿಡುತ್ತದೆ, ಬಸ್ಸು ಹೊರಟುಹೋಗುತ್ತದೆ. ಕೀಟನ್ ಅವರ ಕೈಯನ್ನು ಹುಡುಗ ಎಲ್ಲಿಟ್ಟಿದ್ದಾನೆಂದು ನನಗೆ ತಿಳಿಯಿತು, ಆದರೆ ಅವನಿಗೆ ಹೇಳಲಿಲ್ಲ. ಹೊಗಳಿದರೆ ಹುಡುಗರು ಕೆಡುತ್ತಾರೆ.

ಚಿತ್ರವನ್ನು ಯೂಟ್ಯೂಬಿಗೆ ಹಾಕಿ ಎರಡು ವಾರವಾಗಿರಬೇಕು. ಕೋಣೆಯ ದೃಶ್ಯದಲ್ಲಿ ಹೊರಗೆ ಏನೋ ಸದ್ದಾಗಿ, ಹುಡುಗಿ ಅವನ ಹೆಗಲ ಮೇಲೆ ಕೈಯಿಟ್ಟು ಬಾಗಿಲ ಕಡೆ ಇಣುಕಿ ನೋಡುವುದೊಂದಿದೆ. ಯಾರೋ ಪುಣ್ಯಾತ್ಮರು ಅದೊಂದನ್ನೇ ಕತ್ತರಿಸಿ, ಬಾಗಿಲು ತಟ್ಟುವ ಸದ್ದನ್ನು ತೆಗೆದು, ಯಾವುದೋ ಮಾದಕ ಸಂಗೀತ ಅಂಟಿಸಿ, ವಾಟ್ಸಾಪಿನಲ್ಲಿ ಬಿಟ್ಟರು. ಅದು ಊರೂರು ಸುತ್ತಿ ಹುಡುಗಿಯ ಚಿಕ್ಕಪ್ಪನ ಫೋನಿಗೂ ಬಂತು. ಅವಳಿಗೆ ಎಚ್.ಡಿ. ಕೋಟೆ ಕಡೆಯಿಂದ ಒಂದು ಸಂಬಂಧ ಬಂದು ಮಾತುಕತೆ ನಡೆಯುತ್ತಿತ್ತು. ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಹುಡುಗಿ ಒಂದು ವಾರ ಕಾಲೇಜಿಗೆ ಹೋಗಲಿಲ್ಲ. ಮದುಮಗನಾಗಿ ಮಾಡಿದ ಹುಡುಗನಿಗೆ ಏನಾಯಿತು ಎನ್ನುತ್ತೀರೋ? ಅವನಿಗೆ ಸ್ನೇಹಿತರು ಟೀ ಕೊಡಿಸಿದರು.

ಒಂದು ಸಂಜೆ ಹುಡುಗಿಯ ತಂದೆ, ಚಿಕ್ಕಪ್ಪ ಇಬ್ಬರೂ ನಮ್ಮ ಮನೆಗೆ ಬಂದರು. ಚಿಕ್ಕಪ್ಪ ಹೊಸಿಲು ದಾಟುವ ಮುಂಚೆಯೇ ‘ನೀವು ಮೇಷ್ಟ್ರಾಗಿ ಇಂಥದ್ದಕ್ಕೆ ಮನೆ ಕೊಟ್ಟಿದೀರಲ್ಲಮ್ಮ’ ಎಂದರು. ತಂದೆ ಏನೂ ಮಾತಾಡಲಿಲ್ಲ. ನಮ್ಮ ಯಜಮಾನರು ಕುರ್ಚಿ ಹಾಕಿ ಕೂರಿಸಿದರು. ನಾನು ಕಾಫಿ ತಂದಿಟ್ಟು, ‘ಪೂರಾ ನೋಡಿದೀರಾ?’ ಎಂದು ಕೇಳಿದೆ. ಇಬ್ಬರೂ ನೋಡಿರಲಿಲ್ಲ. ‘ಹನ್ನೆರಡು ನಿಮಿಷ. ನೋಡಿ, ಆಮೇಲೆ ನನ್ನನ್ನ ಏನು ಬೇಕಾದ್ರೂ ಅನ್ನಿ’ ಎಂದು ಟಿ.ವಿ.ಗೆ ಹಾಕಿದೆ.

ಚಿತ್ರದಲ್ಲಿ ಒಬ್ಬ ಚಿಕ್ಕಪ್ಪನ ಪಾತ್ರವಿದೆ. ಟಾರ್ಚು ಹುಡುಕುವ ನೆಪದಲ್ಲಿ ಮೂರು ಸಲ ಬಾಗಿಲು ತಟ್ಟುತ್ತಾನೆ. ಮೂರನೆಯ ಸಲ ಟಾರ್ಚು ಅವನ ಕಂಕುಳಲ್ಲೇ ಇರುತ್ತದೆ. ಇದನ್ನು ನೋಡಿ ಎದುರಿಗಿದ್ದ ನಿಜವಾದ ಚಿಕ್ಕಪ್ಪ ಗಹಗಹಿಸಿ ನಕ್ಕುಬಿಟ್ಟರು. ನಕ್ಕ ಮೇಲೆ ಕೋಪಕ್ಕೆ ಹಿಂದಿರುಗುವುದು ಕಷ್ಟ, ಅವರು ಕಾಫಿ ಲೋಟ ಎತ್ತಿಕೊಂಡರು. ತಂದೆ ಮಾತ್ರ ನಗಲಿಲ್ಲ. ಚಿತ್ರ ಮುಗಿದ ಮೇಲೆ ‘ಆ ಕೈ ಇಟ್ಟದ್ದನ್ನ ಇನ್ನೊಂದ್ಸಲ ಹಾಕಿ’ ಎಂದರು. ಹಾಕಿದೆ. ಅವರು ತಮ್ಮ ಫೋನು ತೆಗೆದು ಆ ತುಂಡನ್ನೂ ಹಾಕಿದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ಬೆರಳು ಮಡಿಸಿ ಎಣಿಸಿದರು. ನಮ್ಮ ಟಿ.ವಿ.ಯಲ್ಲಿ ಮಗಳ ಕೈ ಹೆಗಲ ಮೇಲಿದ್ದದ್ದು 4 ಸೆಕೆಂಡು. ಫೋನಿನಲ್ಲಿ 11.

‘ಇದನ್ನ ಎಳ್ದವ್ರೆ’ ಎಂದರು ತಂದೆ.

‘ಹೌದು. ನಿಧಾನ ಮಾಡಿದಾರೆ. ಮುಂದಿನದು, ಹಿಂದಿನದು ಕತ್ತರಿಸಿದಾರೆ.’

ಅವರು ಜಮೀನು ಅಳೆಸಿ ಮೋಸ ಕಂಡವರ ಹಾಗೆ ಆ ಎರಡು ಚಿತ್ರಗಳನ್ನೂ ಇನ್ನಷ್ಟು ಹೊತ್ತು ನೋಡಿದರು. ಹಾಸ್ಯಚಿತ್ರಕ್ಕೆ ಯಾವ ಉಪಾಯಗಳು ಬೇಕೋ, ನಿಧಾನಗತಿ, ಸಂಗೀತ, ಕತ್ತರಿ, ಅವೇ ಉಪಾಯಗಳು ಅವರ ಮಗಳ ಮೇಲೂ ಪ್ರಯೋಗವಾಗಿದ್ದವು. ಎದುರು ಮನೆಯ ಅಜ್ಜಿಯ ಮುಖವನ್ನು ಬಾಗಿಲ ಪಕ್ಕಕ್ಕೆ ಅಂಟಿಸಿದ್ದೂ ಅದೇ ಕತ್ತರಿಯಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಅಜ್ಜಿಯನ್ನು ಕೂರಿಸಿ ತೋರಿಸಿ, ಅವರು ನಕ್ಕ ಮೇಲೆ ಹೊರಗೆ ಬಿಟ್ಟದ್ದು. ಹುಡುಗಿಯನ್ನು ಯಾರು ಕೇಳಿದರು?

ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಡೋಣ ಎಂದು ನಾನೂ ನಮ್ಮವರೂ ಹೇಳಿದೆವು. ತಂದೆ ಒಪ್ಪಲಿಲ್ಲ, ‘ಇನ್ನೂ ನಾಕು ಜನಕ್ಕೆ ಗೊತ್ತಾಯ್ತದೆ ಬುಡಿ’ ಎಂದರು. ನನಗೆ ಈಗಲೂ ಅದು ಸರಿ ಕಾಣುವುದಿಲ್ಲ. ಗೊತ್ತಾಗಬೇಕಾದದ್ದು ಕತ್ತರಿಸಿದವನ ಹೆಸರಲ್ಲವೇ? ಆದರೆ ಹೆಣ್ಣು ಹೆತ್ತವರ ಲೆಕ್ಕ ಬೇರೆ, ಜಗ್ಗಿ ಎಳೆದು ಕರೆದುಕೊಂಡು ಹೋಗುವುದು ನನ್ನಿಂದಾಗಲಿಲ್ಲ.

ನಿರ್ದೇಶಕ ಹುಡುಗ ಅಳುಮುಖ ಮಾಡಿಕೊಂಡು ಬಂದ. ಚಿತ್ರವನ್ನೇ ತೆಗೆದುಹಾಕುತ್ತೇನೆ, ಕೊನೆಯಪಕ್ಷ ಅವಳ ಹೆಸರನ್ನಾದರೂ ತೆಗೆದುಬಿಡುತ್ತೇನೆ ಎಂದ. ‘ಅವಳನ್ನ ಕೇಳಿದೆಯಾ?’ ಎಂದೆ. ಕೇಳಿರಲಿಲ್ಲ. ಆಮೇಲೆ ನನ್ನ ಎದುರಿಗೇ ಫೋನ್ ಮಾಡಿದ. ಆ ಕಡೆಯಿಂದ ಅವಳ ದನಿ ನನಗೂ ಕೇಳಿಸುತ್ತಿತ್ತು: ‘ಕತ್ತರಿಸ್ದೋನು ಯಾವನೋ. ನಾನ್ಯಾಕೆ ಕತ್ತರಿಸ್ಕೊಳ್ಳಲಿ? ಹೆಸರು ಇರ್ಲಿ. ಇನ್ನೂ ಸ್ವಲ್ಪ ದೊಡ್ಡದಾಗಿ ಹಾಕು.’ ನಾಟಕದಲ್ಲಿ ಸದಾ ಮುಂದು ಎಂದೆನಲ್ಲ, ಅವಳೇ.

ಎಚ್.ಡಿ. ಕೋಟೆಯ ಸಂಬಂಧ ತಿರುಗಿ ಬರಲಿಲ್ಲ. ಹುಡುಗಿ ಪದವಿ ಮುಗಿಸಿ ಪಿರಿಯಾಪಟ್ಟಣದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ್ದಾಳೆ, ಮುಂದೆ ಓದುವ ಆಸೆಯಿದೆ. ಆ ತುಂಡು ಇನ್ನೂ ಯಾರ ಯಾರ ಫೋನಿನಲ್ಲಿದೆಯೋ.

ಗೌರಿ ಹಬ್ಬದ ಮಾರನೆಯ ದಿನ ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ಹುಡುಗರು ಪರದೆ ಕಟ್ಟಿ ಪೂರಾ ಚಿತ್ರ ಹಾಕಿದರು. ಹುಡುಗಿ ತಾಯಿಯನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಕುಳಿತಿದ್ದಳು. ತಂದೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಆದರೆ ಹಿಂದೆ ತಿರುಗಿದಾಗ ಕಟ್ಟಕಡೆಯ ಸಾಲಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದರು. ಕುಕ್ಕರು ಕೂಗಿತು, ಪೆಂಡಾಲಿನ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಅವರಲ್ಲಿ ಹುಡುಗಿಯ ತಾಯಿ ಎಲ್ಲರಿಗಿಂತ ಜೋರಾಗಿ, ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾಗದೆ ನಗುತ್ತಿದ್ದರು. ತಂದೆ ಪರದೆಯನ್ನು ಬಿಟ್ಟು ಹೆಂಡತಿಯನ್ನೇ ಒಂದು ಗಳಿಗೆ ನೋಡಿದರು. ಆಮೇಲೆ, ಯಾರಾದರೂ ತಮ್ಮನ್ನು ಗಮನಿಸಿದರೇನೋ ಎಂದು ಅತ್ತ ಇತ್ತ ಕಣ್ಣು ಹಾಯಿಸಿ, ಮತ್ತೆ ಪರದೆಯ ಕಡೆ ತಿರುಗಿದರು.